ತೋಟಗಾರನ ಮಗ ಫ್ರಾನ್ಸಿಸ್ ಆಸ್ಬರಿ

ಇಂಗ್ಲೆಂಡಿನ ನಡುನಾಡಿನಲ್ಲಿ, ಬರ್ಮಿಂಗ್‌ಹ್ಯಾಮ್ ಪಟ್ಟಣಕ್ಕೆ ನಾಲ್ಕಾರು ಮೈಲಿ ದೂರದಲ್ಲಿ, ಹ್ಯಾಂಡ್ಸ್‌ವರ್ತ್ ಗ್ರಾಮದ ಎಲ್ಲೆಯೊಳಗೆ, ಹ್ಯಾಮ್‌ಸ್ಟೆಡ್ ಸೇತುವೆಯ ಬಳಿಯ ಒಂದು ಸಾಮಾನ್ಯ ಗೃಹದಲ್ಲಿ 1745ನೆಯ ಇಸವಿ ಆಗಸ್ಟ್ ತಿಂಗಳ 20ನೆಯ ಅಥವಾ 21ನೆಯ ದಿನ ಒಂದು ಗಂಡುಮಗು ಹುಟ್ಟಿತು. ಆ ಎರಡು ದಿನಗಳಲ್ಲಿ ನಿಜವಾದದ್ದು ಯಾವುದೆಂಬುದನ್ನು ಆ ಮಗುವೇ ಬೆಳೆದು ದೊಡ್ಡವನಾಗಿ ತನ್ನ ಜೀವನವೃತ್ತಾಂತವನ್ನು ಬರೆಯಲು ಕುಳಿತಾಗಲೂ ನಿಶ್ಚಯಿಸಲಾರದೆ ಹೋದನು. ಫ್ರಾನ್ಸಿಸ್ ಆಸ್ಬರಿ ಎಂಬ ಈ ಮಗುವೇ ಮುಂದೆ ಅಮೆರಿಕದಲ್ಲಿ ಮೆಥಡಿಸ್ಟ್ ಸಭೆಯನ್ನು ಕಟ್ಟಿ ನಿಲ್ಲಿಸಿ, ನಾಲ್ವತ್ತೈದು ವರ್ಷಗಳ ಕಾಲ ಕುದುರೆಯ ಬೆನ್ನೇ ಪೀಠ, ಜೀನಿನ ಚೀಲವೇ ಭಂಡಾರ ಎಂಬಂತೆ ಬದುಕಿ, ಆ ಕಾಲದ ಅಮೆರಿಕದಲ್ಲಿ ಅತ್ಯಧಿಕ ಜನರು ಮುಖತಃ ಕಂಡಿದ್ದ ವ್ಯಕ್ತಿಗಳಲ್ಲೊಬ್ಬನೆಂದು ಚರಿತ್ರಕಾರರಿಂದ ಪರಿಗಣಿತನಾದನು.

ಅವನ ಸಂಚಾರದ ಕಥೆಯನ್ನು ಹೇಳಿದವರು ಅನೇಕರು. ಎರಡೂಮುಕ್ಕಾಲು ಲಕ್ಷ ಮೈಲಿಗಳಷ್ಟು ದಾರಿ ನಡೆದನೆಂದೂ, ಹದಿನಾರು ಸಾವಿರ ಪ್ರಸಂಗಗಳನ್ನು ಮಾಡಿದನೆಂದೂ, ಅಪಲೇಚಿಯನ್ ಪರ್ವತಗಳನ್ನು ಅರುವತ್ತು ಸಲ ದಾಟಿದನೆಂದೂ ಸುಮಾರು ಲೆಕ್ಕಗಳನ್ನು ಕೊಡುತ್ತಾರೆ. ಆ ಲೆಕ್ಕಗಳ ಮುಂದೆ ಅವನು ಹುಟ್ಟಿ ಬೆಳೆದ ಮನೆಯ ಕಥೆ ಬಡವಾಗಿ ಕಾಣುವುದು ಸಹಜವೇ. ಆದರೆ ನನಗೆ ತೋರುವಂತೆ, ಸ್ವಂತ ಮನೆಯೆಂಬುದನ್ನೇ ತೊರೆದ ಈ ಮನುಷ್ಯನು ಮೊದಲಿನಿಂದ ಕೊನೆಯವರೆಗೆ ಒಂದು ಮನೆಯ ಸೃಷ್ಟಿ. ತಾಯಿಯ ದುಃಖದಿಂದಲೂ ಆಕೆಯ ಆತಿಥ್ಯದಿಂದಲೂ ಹದಗೊಂಡ ಒಂದು ಚಿಕ್ಕ ಕುಟೀರವನ್ನು ಅರಿಯದೆ ಅವನ ದೀರ್ಘಪ್ರಯಾಣದ ಅರ್ಥವನ್ನು ಅರಿಯಲಾಗದು.

ತಂದೆ ಜೋಸೆಫ್ ಆಸ್ಬರಿ ಕೃಷಿಕನೂ ತೋಟಗಾರನೂ ಆಗಿದ್ದು, ಆ ಗ್ರಾಮದ ಅತ್ಯಂತ ಶ್ರೀಮಂತರಾದ ಎರಡು ಮನೆತನಗಳವರಲ್ಲಿ ಕೆಲಸಕ್ಕಿದ್ದನು. ತನ್ನ ತಂದೆತಾಯಿಗಳು ಹೆಸರುವಾಸಿಯಾದ ಕುಲದವರಲ್ಲ, ಸಾಮಾನ್ಯಸ್ಥಿತಿಯ ಜನ, ಆದರೆ ಪ್ರಾಮಾಣಿಕರು, ದುಡಿಮೆಗಾರರು ಎಂದು ಮಗನು ಸಂಕೋಚವಿಲ್ಲದೆ ಬರೆದಿದ್ದಾನೆ. ತಂದೆಯು ದುಡಿದಷ್ಟೇ ಹಿಡಿತದಿಂದ ಖರ್ಚನ್ನೂ ಮಾಡಿದ್ದರೆ ಧನಿಕನೇ ಆಗುತ್ತಿದ್ದನೆಂಬ ಒಂದು ಮಾತೂ ಅಲ್ಲಿದೆ. ಕೈಬಿಚ್ಚಿ ಕೊಡುವ ಸ್ವಭಾವವೋ, ಕೈಗೆ ಬಂದದ್ದನ್ನು ಕೂಡಿಡಲಾಗದ ದೌರ್ಬಲ್ಯವೋ, ಅಂತೂ ಮನೆಯಲ್ಲಿ ಹಣ ನಿಲ್ಲಲಿಲ್ಲ. ಮುಂದೆ ಮಗನ ಕೈಯಲ್ಲಿಯೂ ಹಣವು ನಿಂತದ್ದಿಲ್ಲ. ಅವನಲ್ಲಿ ಅದು ವ್ರತವೇ ಆಯಿತು. ಫ್ರಾನ್ಸಿಸ್ ಇನ್ನೂ ಶಿಶುವಾಗಿದ್ದಾಗ ಸಂಸಾರವು ಹತ್ತಿರದ ಗ್ರೇಟ್ ಬಾರ್ ಎಂಬ ಊರಿಗೆ ಬಂದು, ನ್ಯೂಟನ್ ಎಂಬಲ್ಲಿ ಒಂದು ಇಟ್ಟಿಗೆಯ ಕುಟೀರದಲ್ಲಿ ನೆಲಸಿತು. ಆ ಕುಟೀರ ಈಗಲೂ ಇದೆ. ಸ್ಮಾರಕವಾಗಿ ಅದನ್ನು ರಕ್ಷಿಸಿಕೊಂಡು ಬಂದಿದ್ದಾರೆ.

ತಾಯಿ ಎಲಿಜಬೆತ್, ತವರಿನ ಹೆಸರು ರಾಜರ್ಸ್. ಆಕೆಗೆ ಇಬ್ಬರೇ ಮಕ್ಕಳು. ಫ್ರಾನ್ಸಿಸನಿಗಿಂತ ಹಿರಿಯಳಾದ ಸಾರಾ ಎಂಬ ಮಗಳು ಬಾಲ್ಯದಲ್ಲಿಯೇ ತೀರಿಕೊಂಡಳು. ಈ ಸಾವು ಆ ತಾಯಿಯನ್ನು ಮುರಿಯಿತು. ಅದುವರೆಗೆ ಲೋಕದ ಹತ್ತು ಮಂದಿಯಂತೆ ಇದ್ದ ಆಕೆ ವರ್ಷಗಳವರೆಗೆ ಘೋರವಾದ ಮನೋವ್ಯಥೆಯಲ್ಲಿ ಮುಳುಗಿಹೋದಳು. ಮನೆಯ ದೊಡ್ಡ ಕಿಟಕಿಯೊಂದರ ಬಳಿ ನಿಂತು, ಗಂಟೆಗಟ್ಟಲೆ ಪುಸ್ತಕದಲ್ಲಿ ಕಣ್ಣು ನೆಟ್ಟು ಓದುತ್ತಿದ್ದ ತಾಯಿಯ ಚಿತ್ರವು ಮಗನ ನೆನಪಿನಲ್ಲಿ ವೃದ್ಧಾಪ್ಯದವರೆಗೂ ಉಳಿಯಿತು. ಶೋಕವು ಕೆಲವರನ್ನು ಬಾಗಿಲು ಮುಚ್ಚಿಕೊಳ್ಳುವಂತೆ ಮಾಡುತ್ತದೆ. ಎಲಿಜಬೆತ್ತಳಾದರೋ ಆ ಶೋಕದಿಂದಲೇ ಬಾಗಿಲನ್ನು ತೆರೆದಳು. ದೈವಚಿಂತನೆಯ ಸುಳಿವಿರುವ ಯಾವ ದಾರಿಹೋಕನಾದರೂ ಸರಿ, ಯಾವ ಪಂಗಡದವನಾದರೂ ಸರಿ, ಅವನನ್ನು ಒಳಕ್ಕೆ ಕರೆದು ಕೂಡಿಸಿ, ಉಣಿಸಿ, ಅವನಿಂದ ಒಂದೆರಡು ಒಳ್ಳೆಯ ಮಾತುಗಳನ್ನು ಕೇಳಿ ಕಳುಹಿಸುವುದು ಆಕೆಯ ನಿತ್ಯದ ನಡೆವಳಿಯಾಯಿತು. ಮನೆಗೆ ಬಂದುಹೋಗುವ ಈ ಜನರನ್ನು ಕಂಡು ಊರಿನ ಹುಡುಗರು ಫ್ರಾನ್ಸಿಸನನ್ನು ‘ಮೆಥಡಿಸ್ಟ್ ಪಾದ್ರಿ’ ಎಂದು ಕೂಗಿ ಅಣಕಿಸುತ್ತಿದ್ದರು. ಆಗ ಅವನಿಗೆ ಮೆಥಡಿಸ್ಟರ ಪರಿಚಯವೇ ಇರಲಿಲ್ಲ.

ಮೆಥಡಿಸ್ಟರೆಂದರೆ ಯಾರೆಂಬುದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಜಮಾನ್ಯವಾದ ಆಂಗ್ಲಿಕನ್ ಸಭೆ ಇತ್ತು. ಊರೂರಿಗೆ ದೇವಾಲಯವಿತ್ತು, ವೇತನವುಳ್ಳ ಪಾದ್ರಿಯಿದ್ದನು. ಆದರೆ ಕಲ್ಲಿದ್ದಲ ಗಣಿಗಳ ಸುತ್ತಲೂ ಕಬ್ಬಿಣದ ಕುಲುಮೆಗಳ ಸುತ್ತಲೂ ಹೊಸದಾಗಿ ಗುಂಪುಗೂಡುತ್ತಿದ್ದ ಶ್ರಮಜೀವಿಗಳ ಬಳಿಗೆ ಆ ಸಭೆಯ ಧ್ವನಿ ತಲುಪುತ್ತಿರಲಿಲ್ಲ. ಆ ಸಭೆಯ ಪಾದ್ರಿಯೇ ಆಗಿದ್ದ ಜಾನ್ ವೆಸ್ಲಿಯು, ಆಕ್ಸ್‌ಫರ್ಡಿನಲ್ಲಿ ತನ್ನ ತಮ್ಮ ಚಾರ್ಲ್ಸನೊಡನೆ ನಿಯಮಬದ್ಧವಾದ ಪ್ರಾರ್ಥನೆ, ಉಪವಾಸ, ಸೆರೆಯಾಳುಗಳ ಶುಶ್ರೂಷೆ ಇವುಗಳಿಂದ ಮೊದಲುಮಾಡಿ, 1739ರಿಂದ ಬ್ರಿಸ್ಟಲ್ ನಗರದ ಸುತ್ತಣ ಬಯಲುಗಳಲ್ಲಿ ಗಣಿಗಾರರಿಗೆ ಬೋಧಿಸತೊಡಗಿದನು. ಅವನ ಅನುಯಾಯಿಗಳು ಹನ್ನೆರಡು ಮಂದಿಯ ಆಸುಪಾಸಿನ ಚಿಕ್ಕ ಚಿಕ್ಕ ತಂಡಗಳಾಗಿ ವಾರಕ್ಕೊಮ್ಮೆ ಕೂಡಿ, ತಮ್ಮ ತಮ್ಮ ಅಂತರಂಗದ ಸ್ಥಿತಿಯನ್ನು ಪರಸ್ಪರ ನಿವೇದಿಸಿಕೊಂಡು, ಬಡವರಿಗಾಗಿಯೂ ಸಭೆಗಾಗಿಯೂ ಒಂದೊಂದು ಪೆನ್ನಿಯನ್ನು ಕೊಡುತ್ತಿದ್ದರು. ವಿಶ್ವವಿದ್ಯಾಲಯವನ್ನು ಕಾಣದ ಕಮ್ಮಾರ, ಬಡಗಿ, ನೇಕಾರರಲ್ಲಿ ವಾಕ್ಶಕ್ತಿಯೂ ಶುದ್ಧಚಾರಿತ್ರ್ಯವೂ ಉಳ್ಳವರನ್ನು ಆರಿಸಿ, ಒಂದೊಂದು ಸರ್ಕೀಟಿಗೆ, ಎಂದರೆ ಹಲವು ಊರುಗಳ ಒಂದೊಂದು ಸುತ್ತಿಗೆ, ನೇಮಿಸಿ, ಊರಿಂದೂರಿಗೆ ಬೋಧಿಸುತ್ತ ಹೋಗುವಂತೆ ವೆಸ್ಲಿಯು ಏರ್ಪಡಿಸಿದನು.

ಈ ಚಳವಳಿಯ ಮೂಲದಲ್ಲಿಯೂ ಒಬ್ಬ ತಾಯಿಯ ಅಡುಗೆಮನೆಯಿದೆಯೆಂಬುದು ಸ್ಮರಣೀಯ. ವೆಸ್ಲಿಯ ತಾಯಿ ಸುಸಾನಾ ಹತ್ತೊಂಬತ್ತು ಮಕ್ಕಳನ್ನು ಹೆತ್ತವಳು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ಎಳೆವಯಸ್ಸಿನಲ್ಲೇ ಮಣ್ಣಿಗೆ ಒಪ್ಪಿಸಿದವಳು. ಎಪ್‌ವರ್ತ್ ಎಂಬ ಊರಿನ ಪಾದ್ರಿಯಾಗಿದ್ದ ಪತಿಯು ಲಂಡನ್ನಿಗೆ ಹೋಗಿದ್ದ ಒಂದು ಚಳಿಗಾಲದಲ್ಲಿ ಆಕೆ ಭಾನುವಾರದ ಸಾಯಂಕಾಲ ಮಕ್ಕಳನ್ನೂ ಆಳುಗಳನ್ನೂ ಕೂಡಿಸಿಕೊಂಡು ಪ್ರಾರ್ಥಿಸುತ್ತ, ಪ್ರಸಂಗಗಳನ್ನು ಓದಿ ಹೇಳುತ್ತಿರಲಾಗಿ, ನೆರೆಹೊರೆಯವರೂ ಬಂದು ಸೇರಿ ಆ ಗುಂಪು ಇನ್ನೂರು ಮಂದಿಯವರೆಗೆ ಬೆಳೆಯಿತು. ಹೆಣ್ಣು ಹೀಗೆ ಮಾಡಬಹುದೆ ಎಂದು ಪತಿಯಿಂದ ಆಕ್ಷೇಪಣೆ ಬಂದಾಗಲೂ ಆಕೆ ಜಗ್ಗಲಿಲ್ಲ. ಮೆಥಡಿಸ್ಟರ ಚರಿತ್ರೆಯಲ್ಲಿ ಬಿಷಪ್ಪರ ಹೆಸರುಗಳು ದೊಡ್ಡ ಅಕ್ಷರಗಳಲ್ಲಿವೆ. ಆ ಚರಿತ್ರೆಯನ್ನು ಹೊತ್ತು ನಿಂತ ತಾಯಂದಿರ ಹೆಸರುಗಳೂ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಇರತಕ್ಕವು.

ಆಸ್ಬರಿಯ ಮನೆಗೆ ಸಮೀಪದ ವೆಡ್ನ್ಸ್‌ಬರಿ ಎಂಬ ಊರಿನಲ್ಲಿ ಮೆಥಡಿಸ್ಟರಿಗೆ ಒದಗಿದ ಕಷ್ಟಗಳು ಅವನು ಹುಟ್ಟುವುದಕ್ಕೆ ಎರಡೇ ವರ್ಷ ಮೊದಲಿನವು. 1743ರ ಅಕ್ಟೋಬರಿನಲ್ಲಿ ಅಲ್ಲಿಯ ಉದ್ರಿಕ್ತ ಜನಸಮೂಹವು ವೆಸ್ಲಿಯನ್ನೇ ಹಿಡಿದು, ಮಳೆಯ ರಾತ್ರಿಯಲ್ಲಿ ಒಬ್ಬ ನ್ಯಾಯಾಧಿಕಾರಿಯ ಮನೆಯಿಂದ ಇನ್ನೊಬ್ಬನ ಮನೆಗೆ ಎಳೆದಾಡಿತು. ಅವನ ಅನುಯಾಯಿಗಳ ಮನೆಗಳ ಕಿಟಕಿಗಳನ್ನು ಒಡೆಯಿತು, ಸಾಮಾನುಗಳನ್ನು ಲೂಟಿಮಾಡಿತು. ಎಲಿಜಬೆತ್ ಆಸ್ಬರಿಯು ಬೋಧಕರಿಗೆ ಬಾಗಿಲು ತೆರೆದದ್ದು ಇಂಥ ನೆನಪು ಹಸಿಯಾಗಿದ್ದ ಸೀಮೆಯಲ್ಲಿ.

ಹುಡುಗನು ಆರೇಳು ವರ್ಷಗಳೊಳಗೆ ಸತ್ಯವೇದವನ್ನು ಓದಬಲ್ಲವನಾಗಿ, ಅದರಲ್ಲಿಯ ಇತಿಹಾಸಭಾಗಗಳನ್ನು ಬಹು ಪ್ರೀತಿಯಿಂದ ಓದುತ್ತಿದ್ದನು. ಆದರೆ ಶಾಲೆ ಅವನ ಪಾಲಿಗೆ ನರಕವಾಯಿತು. ಉಪಾಧ್ಯಾಯನು ಕ್ರೂರಿ, ಅವನ ಹೊಡೆತದ ಭಯವು ಎಷ್ಟಾಯಿತೆಂದರೆ, ಶಾಲೆಗೆ ಹೋಗುವುದೊಂದನ್ನು ಬಿಟ್ಟು ಬೇರೆ ಏನನ್ನಾದರೂ ಮಾಡಬಹುದೆಂದು ಹುಡುಗನಿಗೆ ಅನಿಸಿತು. ತಂದೆಗೆ ಮಗನು ವಿದ್ಯಾವಂತನಾಗಬೇಕೆಂಬ ಆಸೆ ಬಲವಾಗಿದ್ದರೂ ಅದು ನಡೆಯಲಿಲ್ಲ. ಸ್ವಲ್ಪ ಕಾಲ ಒಂದು ಸಿರಿವಂತರ ಮನೆಯಲ್ಲಿ ಊಳಿಗಕ್ಕಿದ್ದು, ಅಲ್ಲಿಯ ನಡತೆ ಹಿಡಿಸದೆ ಹೊರಬಂದು, ಹದಿಮೂರೂವರೆಯ ವಯಸ್ಸಿನಲ್ಲಿ ಕಸುಬು ಕಲಿಯಲು ನಿಂತನು. ಆ ಸೀಮೆಯ ಕಸುಬೆಂದರೆ ಕಬ್ಬಿಣ. ಮೊಳೆ, ಬಕಲ್, ಬೀಗ, ಕತ್ತಿ ಹೀಗೆ ಲೋಹದ ಸಾಮಗ್ರಿಗಳನ್ನು ಮನೆಮನೆಯ ಹಿತ್ತಿಲಿನ ಕುಲುಮೆಗಳಲ್ಲಿ ತಯಾರಿಸುತ್ತಿದ್ದರು. ಆರೂವರೆ ವರ್ಷಗಳ ಈ ಶಿಷ್ಯವೃತ್ತಿಯಲ್ಲಿ ಯಜಮಾನನ ಮನೆಯವರು ತನ್ನನ್ನು ಆಳಿನಂತೆ ಕಾಣದೆ ಮಗನಂತೆ, ಸಮಾನನಂತೆ ಕಂಡರೆಂದು ಅವನು ಕೃತಜ್ಞತೆಯಿಂದ ನೆನೆದಿದ್ದಾನೆ. ಶಾಲೆಯು ಕೊಡಲಾರದ ಶಿಕ್ಷಣವನ್ನು ಕುಲುಮೆಯು ಕೊಟ್ಟಿತೆಂದು ನಾನು ನಂಬುತ್ತೇನೆ. ಮುಂದೆ ಕಾಡುದಾರಿಗಳಲ್ಲಿ ನೆನೆದು, ಹಸಿದು, ಜ್ವರದಿಂದ ನಡುಗುತ್ತ ನಡೆಯಬೇಕಾದ ಶರೀರಕ್ಕೆ ದಾರ್ಢ್ಯ ಬಂದದ್ದು ಅಲ್ಲಿ. ಹೊಲಗೆಲಸದವರೊಡನೆಯೂ ಗುಲಾಮರೊಡನೆಯೂ ಸರಿಸಮನಾಗಿ ಕುಳಿತು ಮಾತನಾಡುವ ಸ್ವಭಾವ ಬಂದದ್ದೂ ಅಲ್ಲಿಯೇ.

ಹದಿನಾಲ್ಕನೆಯ ವಯಸ್ಸಿನ ಸುಮಾರಿಗೆ, ತಾಯಿಯು ಮನೆಗೆ ಕರೆದಿದ್ದ ಒಬ್ಬ ಧರ್ಮಶೀಲನ ಮಾತುಗಳಿಂದ ಹುಡುಗನ ಮನಸ್ಸು ಕಲಕಿತು. ಅವನು ವೆಸ್ಟ್ ಬ್ರಾಮ್‌ವಿಚ್ಚಿನ ದೇವಾಲಯಕ್ಕೆ ಹೋಗಿ ಆ ಕಾಲದ ಪ್ರಸಿದ್ಧ ಪಾದ್ರಿಗಳ ಪ್ರಸಂಗಗಳನ್ನು ಕೇಳತೊಡಗಿದನು. ಮೆಥಡಿಸ್ಟರೆಂದರೆ ಯಾರೆಂದು ಅವನು ತಾಯಿಯನ್ನು ಕೇಳಿದಾಗ, ಆಕೆ ಅವರನ್ನು ಕುರಿತು ಒಳ್ಳೆಯ ಮಾತನ್ನಾಡಿ, ಅವನನ್ನು ವೆಡ್ನ್ಸ್‌ಬರಿಗೆ ಕರೆದುಕೊಂಡು ಹೋಗಬಲ್ಲವರನ್ನು ಗೊತ್ತುಮಾಡಿದಳು. ಅಲ್ಲಿ ಅವನು ಕಂಡದ್ದು ದೇವಾಲಯವೇ ಅಲ್ಲ. ಆದರೂ ಅದು ಅದಕ್ಕಿಂತ ಮಿಗಿಲೆಂದು ಅವನಿಗೆ ತೋರಿತು. ಗಂಡಸರೂ ಹೆಂಗಸರೂ ಮೊಣಕಾಲೂರಿ ಗಟ್ಟಿಯಾಗಿ ‘ಆಮೆನ್’ ಎನ್ನುತ್ತಿದ್ದರು, ಸವಿಯಾಗಿ ಹಾಡುತ್ತಿದ್ದರು. ಬೋಧಕನ ಕೈಯಲ್ಲಿ ಪ್ರಾರ್ಥನೆಯ ಪುಸ್ತಕವಿಲ್ಲ, ಆದರೂ ಅದ್ಭುತವಾಗಿ ಪ್ರಾರ್ಥಿಸಿದನು. ಪ್ರಸಂಗದ ಪುಸ್ತಕವಿಲ್ಲ, ಆದರೂ ವಚನವನ್ನು ಎತ್ತಿಕೊಂಡು ನಿರರ್ಗಳವಾಗಿ ಬೋಧಿಸಿದನು. ಪುಸ್ತಕವನ್ನು ನೋಡಿ ಓದುವುದನ್ನೇ ಪೂಜೆಯೆಂದು ತಿಳಿದಿದ್ದ ಹಳ್ಳಿಯ ಹುಡುಗನಿಗೆ ಇದೊಂದು ಹೊಸ ಲೋಕದ ದ್ವಾರವಾಯಿತು.

ಎಲಿಜಬೆತ್ತಳು ಹದಿನೈದು ದಿನಕ್ಕೊಮ್ಮೆ ಹೆಂಗಸರ ಒಂದು ಪ್ರಾರ್ಥನಾಕೂಟವನ್ನು ನಡೆಸುತ್ತಿದ್ದಳು. ಸತ್ಯವೇದವನ್ನು ಓದುವುದಕ್ಕೂ ಕೀರ್ತನೆಗಳನ್ನು ಹೇಳಿಕೊಡುವುದಕ್ಕೂ ಮಗನನ್ನು ಆಕೆ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಓದುವುದರಿಂದ ಮೊದಲಾಗಿ, ಓದಿದ್ದಕ್ಕೆ ಒಂದೆರಡು ಮಾತು ವಿವರಣೆ ಸೇರಿಸುವುದಾಗಿ, ಆ ವಿವರಣೆಯೇ ಬೆಳೆದು ಪ್ರಸಂಗವಾಯಿತು. ಒಂದು ಮಹಾದೇಶವನ್ನು ಅಲುಗಿಸಿದ ಬೋಧಕನ ಮೊದಲ ಶ್ರೋತೃಗಳು ತನ್ನ ತಾಯಿಯ ಗೆಳತಿಯರಾದ ಬಡ ಹೆಂಗಸರು. ಹದಿನೇಳು ಹದಿನೆಂಟರ ಹೊತ್ತಿಗೆ ತನ್ನ ಮನೆಯಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಬೋಧಿಸತೊಡಗಿ, ಹಗಲೆಲ್ಲ ಕುಲುಮೆಯಲ್ಲಿ ದುಡಿದು ರಾತ್ರಿ ಮೈಲಿಗಟ್ಟಲೆ ನಡೆದು ಹೋಗಿಬರುತ್ತಿದ್ದನು. ಇಪ್ಪತ್ತೊಂದರಲ್ಲಿ ಕಸುಬನ್ನು ಬಿಟ್ಟು ಪೂರ್ಣಾವಧಿಯ ಸಂಚಾರೀ ಬೋಧಕನಾದನು. 1768ರಲ್ಲಿ ವೆಸ್ಲಿಯ ಬೋಧಕಮಂಡಲಿಗೆ ಪೂರ್ಣವಾಗಿ ಸೇರಿ, ಬೆಡ್‌ಫರ್ಡ್, ಕಾಲ್ಚೆಸ್ಟರ್, ವಿಲ್ಟ್‌ಶೈರ್ ಸರ್ಕೀಟುಗಳಲ್ಲಿ ಸೇವೆಮಾಡಿದನು.

1771ರ ಆಗಸ್ಟಿನಲ್ಲಿ ಬ್ರಿಸ್ಟಲ್ ನಗರದಲ್ಲಿ ನೆರೆದ ಬೋಧಕರ ಸಮ್ಮೇಳನದಲ್ಲಿ, ಅಮೆರಿಕದ ಸೋದರರು ಸಹಾಯಕ್ಕಾಗಿ ಕೂಗುತ್ತಿದ್ದಾರೆ, ಹೋಗುವವರು ಯಾರು ಎಂದು ವೆಸ್ಲಿಯು ಕೇಳಿದನು. ಐವರು ಮುಂದೆ ಬಂದರು, ಇಬ್ಬರು ಆಯ್ಕೆಯಾದರು. ಒಬ್ಬನು ಇನ್ನೇನು ಇಪ್ಪತ್ತಾರು ತುಂಬಲಿದ್ದ ಆಸ್ಬರಿ, ಮತ್ತೊಬ್ಬನು ರಿಚರ್ಡ್ ರೈಟ್. ಆಸ್ಬರಿಯು ಸುದ್ದಿಯನ್ನು ತಿಳಿಸಲು ಮನೆಗೆ ಹೋದನು. ಮಗಳನ್ನು ಕಳೆದುಕೊಂಡು, ಒಬ್ಬನೇ ಮಗನಲ್ಲಿ ಪ್ರಾಣವಿಟ್ಟುಕೊಂಡಿದ್ದ ಆ ತಾಯಿಯ ಮುಂದೆ ಮೂರು ಸಾವಿರ ಮೈಲಿಯ ಸಮುದ್ರದ ಮಾತನ್ನು ಎತ್ತುವುದು ಹೇಗಿದ್ದಿರಬೇಕೆಂಬುದನ್ನು ಓದುಗರೇ ಊಹಿಸಬಹುದು. ಆಕೆ ಒಪ್ಪಿದಳು. ಲೋಕದಲ್ಲಿ ಅತ್ಯಂತ ಮೃದುಹೃದಯದ ತಾಯಂದಿರಲ್ಲಿ ಒಬ್ಬಳಾದ ಆಕೆಗೆ ದೈವಸಹಾಯವೇ ಆ ಶಕ್ತಿಯನ್ನು ಕೊಟ್ಟಿರಬೇಕೆಂದು ಮಗನು ದಿನಚರಿಯಲ್ಲಿ ಬರೆದುಕೊಂಡನು. ಎಂದೂ ಕಣ್ಣೀರು ಹಾಕದ ತಂದೆಯು ಅಂದು ಅತ್ತನು. ಇವನನ್ನು ಇನ್ನು ಕಾಣಲಾರೆನೆಂದು ಅತ್ತನು. ತಂದೆಯ ಮಾತೇ ನಿಜವಾಯಿತು.

ಬ್ರಿಸ್ಟಲ್ಲಿಗೆ ಮರಳಿದಾಗ ಅವನ ಕೈಯಲ್ಲಿ ಒಂದು ಕಾಸೂ ಇರಲಿಲ್ಲ. ಸ್ನೇಹಿತರು ಬಟ್ಟೆಗಳನ್ನೂ ಹತ್ತು ಪೌಂಡುಗಳನ್ನೂ ಕೊಟ್ಟರು. ಸೆಪ್ಟೆಂಬರ್ 4ರಂದು ಪಿಲ್ ಎಂಬ ಬಂದರಿನಿಂದ ಹಡಗು ಹೊರಟಿತು. ತಾನು ಹೋಗುತ್ತಿರುವುದು ಕೀರ್ತಿಗಾಗಿಯೋ ಹಣಕ್ಕಾಗಿಯೋ ಎಂದು ನಡುಗಡಲಿನಲ್ಲಿ ತನ್ನನ್ನೇ ಪ್ರಶ್ನಿಸಿಕೊಂಡು, ಎರಡೂ ಅಲ್ಲವೆಂದು ಅವನು ನಿಶ್ಚಯಿಸಿಕೊಂಡನು. ಅಕ್ಟೋಬರ್ 27ರಂದು ಫಿಲಡೆಲ್ಫಿಯದಲ್ಲಿ ಇಳಿದನು. ಇಂಗ್ಲೆಂಡಿನ ನೆಲವನ್ನು ಮತ್ತೆ ಅವನು ಮೆಟ್ಟಲಿಲ್ಲ.

ಅಮೆರಿಕದಲ್ಲಿ ಆಗ ಮೆಥಡಿಸ್ಟರು ಕೆಲವು ನೂರು ಮಂದಿ ಮಾತ್ರ. ಹಿಂದೆ ಬಂದಿದ್ದ ಬೋಧಕರು ನ್ಯೂಯಾರ್ಕ್, ಫಿಲಡೆಲ್ಫಿಯ ನಗರಗಳನ್ನು ಬಿಟ್ಟು ಕದಲುತ್ತಿರಲಿಲ್ಲ. ಇದನ್ನು ಕಂಡು ಆಸ್ಬರಿಗೆ ಸಹನೆ ತಪ್ಪಿತು. ಜನರು ಹಳ್ಳಿಗಳಲ್ಲಿದ್ದಾರೆ, ಕಾಡುಗಳನ್ನು ಕಡಿದು ಹೊಲಮಾಡಿಕೊಳ್ಳುತ್ತಿದ್ದಾರೆ, ಬೋಧಕನು ಅವರಿದ್ದಲ್ಲಿಗೆ ಹೋಗಬೇಕು ಎಂಬುದು ಅವನ ಸಿದ್ಧಾಂತ. ಅವನ ಇಡೀ ಸಾಧನೆಯನ್ನು ಒಂದು ವಾಕ್ಯದಲ್ಲಿ ಅಡಕಮಾಡುವುದಾದರೆ ಇಷ್ಟೇ: ಮನೆಯಲ್ಲಿ ತಾಯಿಯು ದಾರಿಹೋಕರನ್ನು ಕರೆದಂತೆಯೇ ಕರೆಯುವ ನೂರಾರು ಮನೆಗಳನ್ನು ಕಾಡಿನ ನಡುವೆ ಹುಡುಕಿ ಹುಡುಕಿ, ಅವುಗಳನ್ನು ಒಂದು ದಾರಿಯಿಂದ ಪೋಣಿಸಿದನು. ಒಬ್ಬ ತರುಣ ಬೋಧಕನಿಗೆ ಇನ್ನೂರು ಮುನ್ನೂರು ಮೈಲಿಗಳ ಒಂದು ಸುತ್ತು. ಅದನ್ನು ಕೆಲವು ವಾರಗಳಲ್ಲಿ ಮುಗಿಸಿ ಮತ್ತೆ ಮೊದಲಿಗೆ ಬರಬೇಕು. ತಂಗಲು ಯಾವನೋ ರೈತನ ಮರದ ದಿಮ್ಮಿಯ ಮನೆ, ಬೋಧಿಸಲು ಅದೇ ಮನೆಯ ಅಂಗಳ. ಒಂದೆರಡು ವರ್ಷಕ್ಕೊಮ್ಮೆ ವರ್ಗ. ವರ್ಷಕ್ಕೆ ಅರುವತ್ತನಾಲ್ಕು ಡಾಲರು, 1800ರಿಂದ ಮುಂದೆ ಎಂಬತ್ತು ಡಾಲರು ವೇತನ. ಬಿಷಪ್ಪನಾದ ಮೇಲೆ ಆಸ್ಬರಿಯು ಪಡೆದದ್ದೂ ಅಷ್ಟೇ. ಈ ಜೀವನವನ್ನು ತಾಳಲಾರದೆ ಮೂವತ್ತು ತುಂಬುವುದರೊಳಗೆ ಸತ್ತ ಬೋಧಕರು ಅನೇಕರು.

1773ರಲ್ಲಿ ಫಿಲಡೆಲ್ಫಿಯದಲ್ಲಿ ನಡೆದ ಮೊದಲ ಸಮ್ಮೇಳನದ ಹೊತ್ತಿಗೆ ಹತ್ತು ಮಂದಿ ಬೋಧಕರು, 1160 ಮಂದಿ ಸದಸ್ಯರು ಇದ್ದರು. ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯಯುದ್ಧವು ಬಂತು. 1775ರಲ್ಲಿ ವೆಸ್ಲಿಯು ರಾಜಪಕ್ಷವನ್ನು ಸಮರ್ಥಿಸಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದ್ದರಿಂದ ಅಮೆರಿಕದ ಮೆಥಡಿಸ್ಟರೆಲ್ಲರೂ ದೇಶದ್ರೋಹಿಗಳೆಂಬ ಸಂಶಯಕ್ಕೆ ಗುರಿಯಾದರು. ವೆಸ್ಲಿಯು ಕಳುಹಿಸಿದ್ದ ಬೋಧಕರು ಒಬ್ಬೊಬ್ಬರಾಗಿ ಸ್ವದೇಶಕ್ಕೆ ಹಿಂದಿರುಗಿದರು, ಆಸ್ಬರಿಯೊಬ್ಬನು ನಿಂತನು. ಮೇರಿಲೆಂಡಿನಲ್ಲಿ ಕೇಳಿದ ನಿಷ್ಠೆಯ ಪ್ರಮಾಣವಚನವನ್ನು ಅವನ ಅಂತಃಸಾಕ್ಷಿ ಒಪ್ಪದಿದ್ದ ಕಾರಣ, ಡೆಲಾವೇರಿನ ಥಾಮಸ್ ವೈಟ್ ಎಂಬ ನ್ಯಾಯಾಧೀಶನ ಮನೆಯಲ್ಲಿ ಆಶ್ರಯ ಪಡೆದನು. ಮರಳಿಹೋಗಲು ಇದ್ದ ಅತ್ಯುತ್ತಮ ಕಾರಣವೂ ಅವಕಾಶವೂ ಆಗಲೇ ಅವನೆದುರಿಗಿತ್ತು. ಮುದಿ ತಂದೆತಾಯಿಗಳು ಎದುರುನೋಡುತ್ತಿದ್ದರು. ತಾನು ಬಿತ್ತಿದ ಹೊಲವನ್ನು ಬಿಟ್ಟುಹೋಗಲು ಅವನ ಮನಸ್ಸು ಒಪ್ಪಲಿಲ್ಲ.

ಯುದ್ಧ ಮುಗಿದ ಮೇಲೆ ಹೊಸ ದೇಶದಲ್ಲಿ ದೀಕ್ಷಾಸ್ನಾನವನ್ನೂ ಪ್ರಭುಭೋಜನವನ್ನೂ ನಡೆಸಬಲ್ಲ ಪಾದ್ರಿಗಳ ಅಭಾವವನ್ನು ನೀಗಲು, ವೆಸ್ಲಿಯು ಥಾಮಸ್ ಕೋಕ್ ಎಂಬ ವಿದ್ವಾಂಸನಿಗೆ ಅಧಿಕಾರವನ್ನಿತ್ತು ಕಳುಹಿಸಿದನು. 1784ರ ನವೆಂಬರ್ 14ರಂದು ಡೆಲಾವೇರಿನ ಬ್ಯಾರಟ್ ಪ್ರಾರ್ಥನಾಮಂದಿರದಲ್ಲಿ ಕೋಕನೂ ಆಸ್ಬರಿಯೂ ಭೇಟಿಯಾದರು. ವೆಸ್ಲಿಯು ಆಸ್ಬರಿಯನ್ನೂ ಮೇಲ್ವಿಚಾರಕನಾಗಿ ನೇಮಿಸಿದ್ದನು. ಆದರೆ ಬೋಧಕರೆಲ್ಲರೂ ಆರಿಸಿದಲ್ಲದೆ ತಾನು ಒಪ್ಪುವುದಿಲ್ಲವೆಂದು ಆಸ್ಬರಿಯು ಹಟಹಿಡಿದನು. ಸುತ್ತಲಿನ ರಾಷ್ಟ್ರವು ರಾಜನನ್ನು ಕಳಚಿಕೊಂಡಿದ್ದ ಆ ದಿನಗಳಲ್ಲಿ ದೂರದಿಂದ ಬಂದ ನೇಮಕವು ನಿಲ್ಲದೆಂಬುದನ್ನು ಅವನು ಚೆನ್ನಾಗಿ ಅರಿತಿದ್ದನು. ಅದೇ ವರ್ಷದ ಕ್ರಿಸ್ಮಸ್ ಸಮಯದಲ್ಲಿ ಬಾಲ್ಟಿಮೋರಿನ ಲವ್ಲಿ ಲೇನ್ ಮಂದಿರದಲ್ಲಿ ಬೋಧಕರು ನೆರೆದು ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯನ್ನು ಸ್ಥಾಪಿಸಿದರು. ಆಸ್ಬರಿಗೆ ಡಿಸೆಂಬರ್ 25, 26, 27ರಂದು ಕ್ರಮವಾಗಿ ಮೇಲ್ವಿಚಾರಕಪದವಿಯವರೆಗಿನ ಮೂರು ಹಂತಗಳ ದೀಕ್ಷೆಗಳೂ ಆದುವು. ಕೆಲವು ವರ್ಷಗಳಲ್ಲಿ ‘ಬಿಷಪ್’ ಎಂಬ ಬಿರುದು ಬಳಕೆಗೆ ಬಂದಾಗ ವೆಸ್ಲಿಯು ಕನಲಿ 1788ರಲ್ಲಿ ಅವನಿಗೆ ಖಂಡನೆಯ ಪತ್ರವನ್ನು ಬರೆದನು.

ಕೋಕ್‌ನ ಹೆಸರು ಬಂದ ಕಡೆ ನಮ್ಮ ನಾಡಿಗೆ ಸಂಬಂಧಿಸಿದ ಒಂದು ವಿಷಯವನ್ನು ಹೇಳದೆ ಮುಂದುವರಿಯಲಾರೆ. ಆಸ್ಬರಿಗೆ ದೀಕ್ಷೆಯಿತ್ತ ಈ ಕೋಕನು ವೃದ್ಧಾಪ್ಯದಲ್ಲಿ ಸಿಂಹಳಕ್ಕೂ ಭಾರತಕ್ಕೂ ಧರ್ಮಪ್ರಚಾರಕ್ಕಾಗಿ ಹೊರಟು, 1814ರ ಮೇ ತಿಂಗಳಲ್ಲಿ ಹಿಂದೂಮಹಾಸಾಗರದ ಮಧ್ಯೆ ಹಡಗಿನಲ್ಲಿಯೇ ತೀರಿಕೊಂಡನು. ಅವನ ಸಂಗಡಿಗರು ಸಿಂಹಳವನ್ನು ಮುಟ್ಟಿದರು. ಆ ಕಾರ್ಯವು ಅಲ್ಲಿಂದ ಮದರಾಸಿಗೆ, ಮದರಾಸಿನಿಂದ 1820ರ ದಶಕದಲ್ಲಿ ಬೆಂಗಳೂರಿಗೆ, ಅನಂತರ ಮೈಸೂರಿಗೆ ಹಬ್ಬಿತು. ಮೈಸೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯವನ್ನು ಬಲ್ಲ ಹಿರಿಯ ಓದುಗರಿಗೆ ಈ ಶಾಖೆಯ ಪರಿಚಯ ಬೇಕಾಗಿಲ್ಲ. ಆಸ್ಬರಿಯು ಕಟ್ಟಿದ ಅಮೆರಿಕದ ಸಭೆಯು ನಮ್ಮಲ್ಲಿಗೆ ಬಂದದ್ದು ಬೇರೆ ದಾರಿಯಿಂದ, ಬಹಳ ತಡವಾಗಿ. 1870ರ ದಶಕದಲ್ಲಿ ವಿಲಿಯಂ ಟೇಲರನ ಬೋಧನೆಯಿಂದ ಬೆಂಗಳೂರಿನಲ್ಲಿ ಬೇರುಬಿಟ್ಟು, 1880ರಲ್ಲಿ ಬಾಲ್ಡ್‌ವಿನ್ ಶಾಲೆಗಳನ್ನು ತೆರೆದು, ಮುಂದೆ ಕೋಲಾರ, ಬೀದರ, ಬೆಳಗಾವಿಗಳಲ್ಲಿ ಆಸ್ಪತ್ರೆ ಶಾಲೆಗಳನ್ನು ನಡೆಸಿತು. ಇಂಗ್ಲೆಂಡಿನಿಂದ ಬಂದ ಶಾಖೆಯು 1947ರಲ್ಲಿ ದಕ್ಷಿಣ ಭಾರತದ ಐಕ್ಯಸಭೆಯಲ್ಲಿ ಲೀನವಾಯಿತು. ಅಮೆರಿಕದಿಂದ ಬಂದದ್ದು ಮೆಥಡಿಸ್ಟ್ ಎಂಬ ಹೆಸರಿನಿಂದಲೇ ಪ್ರತ್ಯೇಕವಾಗಿ ಉಳಿಯಿತು.

ಆಸ್ಬರಿಯ ಸ್ವಭಾವದಲ್ಲಿ ಕಠೋರತೆಯಿತ್ತು. ಬೋಧಕರನ್ನು ಎಲ್ಲಿಗೆ ಕಳುಹಿಸಬೇಕೆಂಬ ಅಧಿಕಾರವನ್ನು ಅವನು ಯಾರೊಡನೆಯೂ ಹಂಚಿಕೊಳ್ಳಲಿಲ್ಲ. ಅವನ ನೇಮಕದ ವಿರುದ್ಧ ಮನವಿ ಸಲ್ಲಿಸುವ ಹಕ್ಕಿರಬೇಕೆಂದು ವಾದಿಸಿದ ಜೇಮ್ಸ್ ಒಕೆಲಿಯು 1792ರಲ್ಲಿ ಸೋತು ತನ್ನ ಕಡೆಯವರೊಡನೆ ಸಭೆಯನ್ನೇ ಬಿಟ್ಟುಹೋದನು. ಆದರೆ ತಾನು ಮಾಡದ ತ್ಯಾಗವನ್ನು ಅವನು ಇನ್ನೊಬ್ಬರಿಂದ ಕೇಳಲಿಲ್ಲವೆಂಬುದನ್ನು ವೈರಿಗಳೂ ಒಪ್ಪಿದರು. ಶಾಲೆಯಿಂದ ಓಡಿಬಂದ ಹುಡುಗನು ಬೆಳಗಿನ ನಾಲ್ಕು ಗಂಟೆಗೆದ್ದು ಓದುತ್ತಿದ್ದನು. ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಸ್ವಪ್ರಯತ್ನದಿಂದ ಕಲಿತನು. ಕೋಕ್‌ನೊಡನೆ ಸೇರಿ ಮೇರಿಲೆಂಡಿನಲ್ಲಿ ಸ್ಥಾಪಿಸಿದ ಕೋಕ್ಸ್‌ಬರಿ ಕಾಲೇಜು 1795ರ ಡಿಸೆಂಬರಿನಲ್ಲಿ ಸುಟ್ಟು ಬೂದಿಯಾದುದು ಅವನಿಗೆ ದೊಡ್ಡ ಪೆಟ್ಟು.

ಗುಲಾಮಗಿರಿಯ ವಿಷಯದಲ್ಲಿ ಅವನ ಚರಿತ್ರೆ ನನ್ನ ಮನಸ್ಸಿಗೆ ನೋವನ್ನುಂಟುಮಾಡುತ್ತದೆ. ಮೊದಲಲ್ಲಿ ಅವನು ನಿಷ್ಠುರನಾಗಿದ್ದನು. 1784ರ ಸಮ್ಮೇಳನವು ಗುಲಾಮರನ್ನು ಬಿಡುಗಡೆ ಮಾಡಬೇಕೆಂದು ಸದಸ್ಯರಿಗೆ ವಿಧಿಸಿತು. ಮರುವರ್ಷದ ಮೇ ತಿಂಗಳಲ್ಲಿ ಆಸ್ಬರಿಯೂ ಕೋಕನೂ ಮೌಂಟ್ ವರ್ನನ್ನಿಗೆ ಹೋಗಿ ಜಾರ್ಜ್ ವಾಷಿಂಗ್ಟನ್ನನನ್ನು ಕಂಡು, ವಿಮೋಚನೆಯ ಬಿನ್ನವತ್ತಳೆಗೆ ಅವನ ಬೆಂಬಲವನ್ನು ಬೇಡಿದರು. ಹ್ಯಾರಿ ಹೋಸಿಯರ್ ಎಂಬ ಕಪ್ಪುಜನಾಂಗದ ಬೋಧಕನು ಆಸ್ಬರಿಯೊಡನೆ ಸಂಚರಿಸುತ್ತಿದ್ದನು. ಅಕ್ಷರವನ್ನರಿಯದ ಅವನ ವಾಗ್ಮಿತೆಗೆ ಬಿಳಿಯರೂ ಮಾರುಹೋಗುತ್ತಿದ್ದರು. ಫಿಲಡೆಲ್ಫಿಯದಲ್ಲಿ ರಿಚರ್ಡ್ ಆಲನ್ ಸ್ಥಾಪಿಸಿದ ಬೆತೆಲ್ ದೇವಾಲಯವನ್ನು 1794ರಲ್ಲಿ ಪ್ರತಿಷ್ಠಾಪಿಸಿದವನೂ, 1799ರಲ್ಲಿ ಆಲನ್ನನಿಗೆ ದೀಕ್ಷೆಯಿತ್ತವನೂ ಆಸ್ಬರಿಯೇ. ಆದರೂ ದಕ್ಷಿಣದ ಭೂಮಾಲೀಕರ ವಿರೋಧದೆದುರು 1784ರ ಆ ಬಿಡುಗಡೆಯ ನಿಯಮವು ಆರೇ ತಿಂಗಳೊಳಗೆ ತಡೆಹಿಡಿಯಲ್ಪಟ್ಟಿತು. 1808ರಲ್ಲಿ ದಕ್ಷಿಣ ಕೆರೊಲೈನಕ್ಕಾಗಿ ಗುಲಾಮಗಿರಿಯ ಅಧ್ಯಾಯವನ್ನೇ ಬಿಟ್ಟು ಸಭೆಯ ನಿಯಮಪುಸ್ತಕವನ್ನು ಅಚ್ಚುಹಾಕಿಸಲು ಒಪ್ಪಿಗೆ ದೊರೆಯಿತು. ಗುಲಾಮರ ಬಳಿಗೆ ಹೋಗಿ ಬೋಧಿಸಲು ಒಡೆಯರ ಅನುಮತಿ ಬೇಕು, ಒಡೆಯರನ್ನು ಕೆರಳಿಸಿದರೆ ಆ ಬಾಗಿಲು ಮುಚ್ಚುತ್ತದೆ ಎಂಬುದು ಅವನ ತರ್ಕ. ಆ ತರ್ಕದ ಹಿಂದಣ ಸಂಕಟವನ್ನು ನಾನು ಅಲ್ಲಗಳೆಯಲಾರೆ. ಅದನ್ನು ಒಪ್ಪಲೂ ಆರೆ. ಸಂಕೋಲೆಯನ್ನು ಸಂಕೋಲೆಯೆಂದು ಕರೆಯಬಲ್ಲವನಾಗಿದ್ದ ಮನುಷ್ಯನು ಮೌನವಾದಾಗ ಆಗುವ ಹಾನಿಯು, ಎಂದೂ ನುಡಿಯದವನ ಮೌನದಿಂದ ಆಗುವುದಕ್ಕಿಂತ ಹೆಚ್ಚಿನದು.

ಈ ಎಲ್ಲ ವರ್ಷಗಳಲ್ಲಿಯೂ ಗ್ರೇಟ್ ಬಾರ್ ಕುಟೀರಕ್ಕೆ ಅವನ ಪತ್ರಗಳು ಹೋಗುತ್ತಲೇ ಇದ್ದುವು, ಸಾಧ್ಯವಾದಾಗಲೆಲ್ಲ ಹಣವೂ ಹೋಗುತ್ತಿತ್ತು. ವರ್ಷಕ್ಕೆ ಅರುವತ್ತನಾಲ್ಕು ಡಾಲರಿನವನು ತಂದೆತಾಯಿಗಳಿಗೆ ಮಿಗಿಸಿ ಕಳುಹಿಸುತ್ತಿದ್ದನೆಂದರೆ ತಾನು ಹೇಗೆ ಬದುಕಿದ್ದನೆಂಬುದನ್ನು ಎಣಿಸಬಹುದು. ಅವರಿಗಾಗಿ ತನ್ನ ಗಡಿಯಾರವನ್ನೂ ಪುಸ್ತಕಗಳನ್ನೂ ಮಾರಲು ಅವನು ಹಿಂಜರಿಯಲಿಲ್ಲ. ಅವನು ಮದುವೆಯಾಗಲಿಲ್ಲ. ಅದಕ್ಕೆ ಕಾರಣವನ್ನು 1804ರ ಜನವರಿಯಲ್ಲಿ ದಿನಚರಿಯಲ್ಲಿ ವಿವರವಾಗಿ ಬರೆದಿದ್ದಾನೆ: ಯೌವನವು ಕಸುಬಿನಲ್ಲಿಯೂ ಸಂಚಾರದಲ್ಲಿಯೂ ಕಳೆಯಿತು, ಅಮೆರಿಕದಲ್ಲಿ ಯುದ್ಧವು ಬಂತು, ಮುವ್ವತ್ತೊಂಬತ್ತರಲ್ಲಿ ಸಭೆಯ ಭಾರವು ಹೆಗಲಿಗೇರಿತು, ವರ್ಷದ ಐವತ್ತೆರಡು ವಾರಗಳಲ್ಲಿ ಒಂದೇ ವಾರ ಮನೆಯಲ್ಲಿರುವ ಗಂಡನೊಡನೆ ಬಾಳಲು ಯಾವ ಹೆಣ್ಣನ್ನು ಕೇಳುವುದು ನ್ಯಾಯ? ಇವುಗಳ ಜೊತೆಗೆ ತಾಯಿಯನ್ನು ಸಲಹುವ ಋಣವನ್ನೂ ಅವನು ಲೆಕ್ಕಕ್ಕೆ ಹಿಡಿದಿದ್ದಾನೆ. ತಾಯಿಯ ಮುಪ್ಪಿಗಾಗಿ ದುಡ್ಡನ್ನು ಮಿಗಿಸಬೇಕೆಂದು ಸಂಸಾರವನ್ನು ಬಿಟ್ಟವನಿಗೆ, ಆ ತಾಯಿಯ ಮುಖವನ್ನು ನೋಡಲು ಮಾತ್ರ ಬರಲಾಗಲಿಲ್ಲ. ಅವನ ಜೀವಿತದಲ್ಲಿ ನನ್ನನ್ನು ಅತ್ಯಂತ ಕಲಕುವ ಸಂಗತಿ ಇದು. ತಂದೆ ಜೋಸೆಫನು 1798ರಲ್ಲಿ, ತಾಯಿಯು 1802ರ ಜನವರಿಯಲ್ಲಿ ತೀರಿಕೊಂಡರು. ತಾಯಿಯ ಸಾವಿನ ಸುದ್ದಿ ಅವನನ್ನು ಮುಟ್ಟುವಷ್ಟರಲ್ಲಿ ವಸಂತವು ಬಂದಿತ್ತು. ಅಂದು ಅವನು ಬರೆದ ದೀರ್ಘವಾದ ಟಿಪ್ಪಣಿಯಲ್ಲಿ ಸತ್ತ ಅಕ್ಕನ ನೆನಪೂ ಇದೆ. ಐವತ್ತು ವರ್ಷಗಳ ಕಾಲ ತಾಯಿಯ ಕೈಯೂ ಮನೆಯೂ ಹೃದಯವೂ ಬೋಧಕರಿಗಾಗಿ ತೆರೆದಿದ್ದುವೆಂಬ ಸ್ತುತಿಯೂ ಇದೆ.

ಮುಂದಿನ ಹದಿನಾಲ್ಕು ವರ್ಷಗಳು ದೇಹದೊಡನೆ ಹೋರಾಟ. ಉಬ್ಬಸ, ಸಂಧಿವಾತ, ಪದೇ ಪದೇ ಜ್ವರ. ಕುದುರೆಯ ಮೇಲೆ ಕೂರಲಾಗದಾಗ ಗಾಡಿಯನ್ನು ಹಿಡಿದನು, ನಿಲ್ಲಲಾಗದಾಗ ಕುಳಿತು ಬೋಧಿಸಿದನು. 1816ರ ಮಾರ್ಚ್ 24ರಂದು ವರ್ಜೀನಿಯದ ರಿಚ್ಮಂಡಿನಲ್ಲಿ ಅವನನ್ನು ಎತ್ತಿಕೊಂಡು ಹೋಗಿ ಪ್ರಸಂಗಪೀಠದಲ್ಲಿ ಕೂಡಿಸಬೇಕಾಯಿತು. ಆದರೂ ಒಂದು ಗಂಟೆಯಷ್ಟು ಹೊತ್ತು ಮಾತನಾಡಿದನು. ಬಾಲ್ಟಿಮೋರಿನ ಸಮ್ಮೇಳನಕ್ಕೆ ಹೋಗಬೇಕೆಂದು ಹೊರಟು, ದಾರಿಯಲ್ಲಿ ಸ್ಪಾಟ್‌ಸಿಲ್ವೇನಿಯ ಎಂಬಲ್ಲಿ ಜಾರ್ಜ್ ಆರ್ನಲ್ಡ್ ಎಂಬ ಹಳೆಯ ಸ್ನೇಹಿತನ ಮನೆಯಲ್ಲಿ ಮಾರ್ಚ್ 31ರ ಭಾನುವಾರ ಪ್ರಾಣಬಿಟ್ಟನು. ಅವನು ಅಮೆರಿಕಕ್ಕೆ ಬಂದಾಗ ಕೆಲವು ನೂರರಷ್ಟಿದ್ದ ಮೆಥಡಿಸ್ಟರು ಆಗ ಎರಡು ಲಕ್ಷವನ್ನು ಮೀರಿದ್ದರು. ಸಂಚಾರೀ ಬೋಧಕರೇ ಏಳುನೂರು ಮಂದಿ.

ಹ್ಯಾಮ್‌ಸ್ಟೆಡ್ಡಿನ ತೋಟಗಾರನ ವಂಶವು ಅವನೊಡನೆ ಮುಗಿಯಿತು. ಅಕ್ಕನು ಬಾಲ್ಯದಲ್ಲಿಯೇ ತೀರಿಕೊಂಡಿದ್ದಳು, ಅವನಿಗೆ ಮಕ್ಕಳಿರಲಿಲ್ಲ. ಆದರೆ ಅವನು ತಂಗಿದ ಮನೆಗಳವರು ತಮ್ಮ ಗಂಡುಮಕ್ಕಳಿಗೆ ಫ್ರಾನ್ಸಿಸ್ ಆಸ್ಬರಿ ಎಂದು ಹೆಸರಿಡುತ್ತ ಬಂದಿದ್ದರು, ಅವರ ಸಂಖ್ಯೆ ದೇಶದ ತುಂಬ ದೊಡ್ಡದಾಗಿತ್ತು. ಸ್ವಂತ ಆಸ್ತಿಯೆಂಬುದಿಲ್ಲದ ಅವನಿಗೆ ಸ್ನೇಹಿತರು ಬಿಟ್ಟುಹೋಗಿದ್ದ ಸುಮಾರು ಎರಡು ಸಾವಿರ ಡಾಲರುಗಳನ್ನು ಅವನು ಸಭೆಯ ಪುಸ್ತಕಪ್ರಕಾಶನಕ್ಕೆ ಒಪ್ಪಿಸಿ, ತನ್ನ ಹೆಸರನ್ನು ಹೊತ್ತ ಪ್ರತಿಯೊಂದು ಮಗುವಿಗೂ ಒಂದೊಂದು ಸತ್ಯವೇದವನ್ನು ಕೊಡಬೇಕೆಂದು ಮೃತ್ಯುಪತ್ರದಲ್ಲಿ ಬರೆಸಿದ್ದನು.